ನೀಲಗಂಗಮ್ಮನವರ ಸ್ಮರಣಾರ್ಥ ಹದಿನಾರು ಡಿಗ್ರಿ

ರಾಜಾಜಿನಗರದ ಐದನೇ ಬ್ಲಾಕಿನಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಶಿವಕಾರುಣ್ಯ ಪತ್ತಿನ ಸಹಕಾರ ಸಂಘದಲ್ಲಿ ಪ್ರತಿಯೊಂದು ವಸ್ತುವೂ ಯಾರದೋ ಸ್ಮರಣಾರ್ಥವೇ. ಗೋಡೆ ಗಡಿಯಾರದಲ್ಲಿ ಒಬ್ಬ ದಿವಂಗತರು, ನೀರಿನ ಫಿಲ್ಟರಿನ ಮೇಲೆ ಇನ್ನೊಬ್ಬರು, ಗ್ರಾಹಕರು ಕೂರುವ ಬೆಂಚಿನ ಬೆನ್ನಿಗೆ ಒಂದಿಡೀ ಕುಟುಂಬ. ಮೂರು ಸೀಲಿಂಗ್ ಫ್ಯಾನುಗಳ ರೆಕ್ಕೆಗಳ ಮೇಲೂ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು ಬರೆಸಿದ್ದರು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ ಎಂಬುದೊಂದು ಸಣ್ಣ ತೊಂದರೆ. ಹಾಗಾಗಿ ದಾನಿಗಳ ಮನೆಯವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಯಾರಾದರೊಬ್ಬರು ಓಡಿಹೋಗಿ ಸ್ವಿಚ್ ಆರಿಸಿಬಿಡುತ್ತಿದ್ದರು. ಬಂದವರು ಕತ್ತೆತ್ತಿ ತಾತನ ಹೆಸರು ಓದಿ, ಕಾಫಿ ಕುಡಿದು, ಬೆವರೊರೆಸಿಕೊಂಡು ಸಂತೋಷವಾಗಿ ಹೊರಡುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಈ ಸಂತೋಷ ಕೊಂಚ ಉದ್ದವಾದರೆ ನೌಕರರಿಗೆ ತಲೆ ಸುತ್ತು ಬರುವುದೂ ಇತ್ತು.

ಇಂಥ ಕಚೇರಿಗೆ ಏಸಿ ಬಂತು. ಕೊಟ್ಟವರು ಸಂಘದ ಅಧ್ಯಕ್ಷರಾದ ಗಂಗಾಧರಯ್ಯನವರು. ಪೀಣ್ಯದಲ್ಲಿ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ ಇಟ್ಟುಕೊಂಡು ಚೆನ್ನಾಗಿ ಸಂಪಾದಿಸಿದವರು. ಕೊಡುವ ಕೈ, ಕೇಳದ ಕಿವಿ. ತಾಯಿ ನೀಲಗಂಗಮ್ಮ ತೀರಿಕೊಂಡ ವರ್ಷವೇ ಅವರ ಸ್ಮರಣಾರ್ಥ, ಮದುವೆ ಛತ್ರಕ್ಕೆ ಸಾಕಾಗುವಷ್ಟು ದೊಡ್ಡ ಏಸಿಯನ್ನು ತಂದು ಈ ಎರಡು ಕೋಣೆಯ ಕಚೇರಿಗೆ ಹಾಕಿಸಿದರು. ಅದರ ಕೆಳಗೆ ಹಿತ್ತಾಳೆಯ ಫಲಕ, ಪಕ್ಕದಲ್ಲಿ ಅಮ್ಮನ ಫೋಟೋ, ಫೋಟೋದ ಮುಂದೊಂದು ನಂದಾದೀಪ. ಏಸಿಯ ಗಾಳಿಗೆ ದೀಪ ಪದೇಪದೇ ಆರುತ್ತಿತ್ತು. ಅಪಶಕುನವಾಗಬಾರದೆಂದು ಅಧ್ಯಕ್ಷರು ಒಂದೇ ವಾರದಲ್ಲಿ ದೀಪಕ್ಕೆ ನಾಲ್ಕೂ ಕಡೆ ಗಾಜಿನ ಗೂಡು ಮಾಡಿಸಿಕೊಟ್ಟರು. ಹೀಗೆ ಆ ಕಚೇರಿಯಲ್ಲಿ ಗಾಳಿಯಿಂದ ರಕ್ಷಣೆ ಸಿಕ್ಕಿದ್ದು ದೀಪವೊಂದಕ್ಕೇ.

ಉದ್ಘಾಟನೆಯ ದಿನ ಮ್ಯಾನೇಜರ್ ರುದ್ರಮುನಿ, "ಇಪ್ಪತ್ನಾಲ್ಕಕ್ಕೆ ಇಟ್ರೆ ಹಿತವಾಗಿರುತ್ತೆ ಸಾರ್" ಎಂದು ಮೆಲ್ಲಗೆ ಹೇಳಿ ನೋಡಿದ್ದರು.

"ಅಮ್ಮನ ಹೆಸರಲ್ಲಿ ಕೊಡೋದನ್ನ ಅಳತೆ ಹಾಕಿ ಕೊಡ್ತಾರೇನ್ರೀ?" ಎಂದರು ಗಂಗಾಧರಯ್ಯ. "ಮಿಷಿನ್ನಿಗೆ ಎಷ್ಟು ತಣ್ಣಗೆ ಮಾಡೋ ಶಕ್ತಿ ಇದೆಯೋ ಅಷ್ಟೂ ಕೊಡ್ಬೇಕು. ಜಿಪುಣತನ ನಮ್ಮ ವಂಶದಲ್ಲಿಲ್ಲ."

ಮಿಷಿನ್ನಿನ ಶಕ್ತಿ ಹದಿನಾರು ಡಿಗ್ರಿಗೆ ನಿಲ್ಲುತ್ತಿತ್ತು. ಪುಣ್ಯಕ್ಕೆ ಅದಕ್ಕಿಂತ ಕೆಳಗೆ ಹೋಗುವಂಥದ್ದು ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಯಾರೂ ಕೈಯಾಡಿಸದಿರಲೆಂದು ರಿಮೋಟನ್ನು ಅಡವಿಟ್ಟ ಒಡವೆಗಳ ಜೊತೆಯಲ್ಲಿ ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ತಿಜೋರಿ ತೆರೆಯಲು ಎರಡು ಬೀಗದ ಕೈ ಬೇಕು, ಎರಡನೆಯದು ಅಧ್ಯಕ್ಷರ ಸೊಂಟದಲ್ಲಿ. ಗೋಡೆಯ ಸ್ವಿಚ್ಚನ್ನು ಬೆಳಗ್ಗೆ ಹಾಕುವುದು ಬಿಟ್ಟರೆ ನಡುವೆ ಆರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಸೌಮ್ಯಶ್ರೀ ಈ ಸಂಘದ ಕ್ಯಾಷಿಯರ್. ಕ್ಯಾಷ್ ಕೌಂಟರ್ ಎಂದರೆ ಜಾಲರಿ ಹೊಡೆದ ಪುಟ್ಟ ಗೂಡು, ಏಸಿಯ ಬಾಯಿಗೆ ನೇರ ಕೆಳಗಿತ್ತು. ನೀಲಗಂಗಮ್ಮನವರ ಸ್ಮರಣೆಯೆಲ್ಲ ಮೊದಲು ಅವಳ ಬಲಭುಜದ ಮೇಲೆ ಇಳಿದು, ಆಮೇಲೆ ಉಳಿದವರಿಗೆ ಹಂಚಿಕೆಯಾಗುತ್ತಿತ್ತು. ಹೇರೋಹಳ್ಳಿಯ ಧೂಳು ಕುಡಿದು, ಎರಡು ಬಸ್ಸು ಬದಲಿಸಿ, ಬೆವರಿನಲ್ಲಿ ತೊಯ್ದು ಬರುತ್ತಿದ್ದ ಅವಳು ಗೂಡಿನೊಳಗೆ ಹೋಗುತ್ತಲೇ ಬ್ಯಾಗಿನಿಂದ ಸ್ವೆಟರ್, ಕಾಲುಚೀಲ, ಗಂಡನ ಮಫ್ಲರು ತೆಗೆದು ಒಂದೊಂದಾಗಿ ಏರಿಸಿಕೊಳ್ಳುತ್ತಿದ್ದಳು. ಹೊರಗೆ ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗಿರುತ್ತಿತ್ತು. "ಏನ್ ಮೇಡಂ, ಅಮರನಾಥಕ್ಕೆ ಹೊರಟ್ರಾ?" ಎಂದು ಗ್ರಾಹಕರು ತಮಾಷೆ ಮಾಡುತ್ತಿದ್ದರು. ಮೊದಲ ವರ್ಷ ಅವಳೂ ನಗುತ್ತಿದ್ದಳು.

ಈಗ ನಗು ಬರುತ್ತಿರಲಿಲ್ಲ. ಬಲಭುಜ ಬಿಗಿದುಕೊಂಡು, ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳುವುದನ್ನೇ ನಿಲ್ಲಿಸಿತ್ತು. ಮೇಲಿನ ಅಲಮಾರಿನ ಉಪ್ಪಿನ ಡಬ್ಬಿ ಕೆಳಗಿಳಿದಿತ್ತು. ಬಸ್ಸಿನಲ್ಲಿ ಕಂಬಿ ಹಿಡಿಯುವುದಕ್ಕೆ ಎಡಗೈ. ಬೆಳಗ್ಗೆ ಎದ್ದರೆ ತನ್ನ ಜಡೆ ತಾನು ಹಾಕಿಕೊಳ್ಳಲಾಗದೆ ಕಾಲೇಜಿಗೆ ಹೋಗುವ ಮಗಳು ವಚನಾಳ ಮುಂದೆ ಬಾಚಣಿಗೆ ಹಿಡಿದು ಕೂರಬೇಕಿತ್ತು. "ಅಮ್ಮಾ, ನನಗೆ ಲೇಟಾಗ್ತಾ ಇದೆ ಕಣೇ" ಎಂದು ಮಗಳು ಗೊಣಗುತ್ತಾ ಎಳೆದೆಳೆದು ಹೆಣೆಯುವಾಗ ಸೌಮ್ಯಶ್ರೀಗೆ ಅಳು ಬರುತ್ತಿತ್ತು. ವಿಜಯನಗರದ ಮೂಳೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು: ಭುಜಕ್ಕೆ ತಣ್ಣನೆ ಗಾಳಿ ತಾಗುವುದು ಮೊದಲು ನಿಲ್ಲಬೇಕು. ಇಲ್ಲದಿದ್ದರೆ ಮಾತ್ರೆಯೂ ದಂಡ, ವ್ಯಾಯಾಮವೂ ದಂಡ, ಕೈ ಹೀಗೇ ಉಳಿದುಬಿಡುತ್ತದೆ.

"ಕೂರೋ ಜಾಗ ಬದಲಾಯಿಸ್ಕೊಳ್ಳಿ, ಅಷ್ಟೇ" ಎಂದರು ಡಾಕ್ಟರು, ಅದು ಬೇಕರಿಯಲ್ಲಿ ಸಿಗುವ ಪದಾರ್ಥವೋ ಎಂಬಂತೆ.

ಆದರೆ ಅಂಥದ್ದೊಂದು ಜಾಗ ನಿಜಕ್ಕೂ ಇತ್ತು. ಮ್ಯಾನೇಜರರ ಕ್ಯಾಬಿನ್ನು. ಹಿಂದಿನ ಬಾಲ್ಕನಿಗೆ ತಗಡಿನ ಶೀಟು ಹೊದಿಸಿ ಮಾಡಿದ ಪಶ್ಚಿಮ ದಿಕ್ಕಿನ ಕೋಣೆ. ಮಧ್ಯಾಹ್ನವಾದರೆ ಸಾಕು, ಶೀಟು ಕಾದು ಒಳಗೆ ರೊಟ್ಟಿ ಸುಡಬಹುದಾಗಿತ್ತು. ರುದ್ರಮುನಿ ಬಾಗಿಲು ಹಾಕಿಕೊಂಡು ಬನಿಯನ್ನಿನಲ್ಲೇ ಕೂತು, ಇದು ಹೋದ ಜನ್ಮದ ಪಾಪ ಎನ್ನುತ್ತಿದ್ದರು. ಸೌಮ್ಯಶ್ರೀಗೆ ಮಾತ್ರ ಅದು ಸ್ವರ್ಗ. ಒಂದೊಂದು ಸಹಿಗೂ ಒಂದೊಂದು ಸಲ ಒಳಗೆ ಹೋಗಿ, ಬಿಸಿ ಗೋಡೆಗೆ ಭುಜ ಆನಿಸಿ ನಿಂತು, ಅವರ ಮೊಮ್ಮಕ್ಕಳ ಹಲ್ಲಿನ ಸಮಾಚಾರವನ್ನೆಲ್ಲ ಕೇಳಿಸಿಕೊಂಡು ಬರುತ್ತಿದ್ದಳು. ಆ ರುದ್ರಮುನಿ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಬೇರೆಯವರಿಗೆ ಮ್ಯಾನೇಜರ್ ಹುದ್ದೆ ಎಂದರೆ ಗೌರವ, ಅಧಿಕಾರ, ತಿರುಗುವ ಕುರ್ಚಿ. ಸೌಮ್ಯಶ್ರೀಗೆ ಬೇಕಿದ್ದದ್ದು ಆ ತಗಡಿನ ಶೀಟು.

ಹುದ್ದೆ ಯಾರಿಗೆಂದು ತೀರ್ಮಾನಿಸುವುದು ನಿರ್ದೇಶಕರ ಮಂಡಳಿ, ಅಂದರೆ ಗಂಗಾಧರಯ್ಯ ಮತ್ತು ಅವರು ಹೇಳಿದ್ದಕ್ಕೆ ತಲೆದೂಗುವ ಆರು ಜನ. ಗಂಗಾಧರಯ್ಯನವರ ಬಳಿ ನೌಕರರ ಯೋಗ್ಯತೆ ಅಳೆಯಲು ಇದ್ದದ್ದು ಒಂದೇ ಪರೀಕ್ಷೆ. ಬಂದವರೇ ಏಸಿಯ ಕೆಳಗೆ ನಿಂತು, ಫೋಟೋಗೆ ಕೈಮುಗಿದು, "ಹೆಂಗಿದೆ, ಹಿತವಾಗಿದೆಯೇನ್ರಪ್ಪಾ?" ಎಂದು ಕೇಳುತ್ತಿದ್ದರು. ಉತ್ತರ ತಪ್ಪಿದವರು ಆ ಕಚೇರಿಯಲ್ಲಿ ಮೇಲೆ ಬಂದದ್ದಿಲ್ಲ.

ಹುದ್ದೆಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ, ಸಾಲ ವಿಭಾಗದ ನಾಗಭೂಷಣ್, ಈ ವಿದ್ಯೆಯಲ್ಲಿ ಪಳಗಿದವನು. ಅಧ್ಯಕ್ಷರು ಬರುವ ದಿನ ಅರ್ಧ ತೋಳಿನ ಶರಟು ಹಾಕಿ, ಮೇಲಿನ ಗುಂಡಿ ಬಿಚ್ಚಿಕೊಂಡು, "ಸ್ವರ್ಗ ಸಾರ್, ಮನೆಗೆ ಹೋಗೋಕೇ ಮನಸ್ಸಾಗಲ್ಲ" ಎನ್ನುತ್ತಿದ್ದ. ಅವರ ಕಾರು ತಿರುವು ದಾಟುತ್ತಲೇ ಕೆಳಗಿಳಿದು, ಪಾತ್ರೆ ಅಂಗಡಿಯ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಾ ನಿಲ್ಲುತ್ತಿದ್ದ. ಸೌಮ್ಯಶ್ರೀಯೂ ಹಿಂದೆ ಬೀಳಲಿಲ್ಲ. ಕಾರಿನ ಹಾರ್ನ್ ಕೇಳಿದೊಡನೆ ಮಫ್ಲರು, ಸ್ವೆಟರುಗಳನ್ನು ಮೇಜಿನ ಕೆಳಗೆ ತುರುಕಿ, ಹಲ್ಲು ಕಚ್ಚಿಕೊಂಡು, "ಹಿತವಾಗಿದೆ ಸಾರ್" ಎನ್ನುತ್ತಿದ್ದಳು. ಹಲ್ಲು ಕಚ್ಚದಿದ್ದರೆ ಅವು ಒಂದಕ್ಕೊಂದು ಬಡಿದು ಸತ್ಯ ಹೇಳಿಬಿಡುತ್ತಿದ್ದವು.

ಈ ನಡುವೆ ತನ್ಮಯಿ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದಳು. ಮಾತಾಡಿದರೆ ಏನಾಗುತ್ತದೆಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ. ಒಂದು ದಿನ ಜಾಲರಿಯ ಹತ್ತಿರ ಬಂದು ಕೇಳಿದಳು:

"ಮೇಡಂ, ಬೆರಳು ಮರಗಟ್ಟಿ ಟೈಪ್ ಮಾಡೋಕೇ ಆಗ್ತಿಲ್ಲ. ಈ ಫೋಟೋದ ಅಜ್ಜಿಯ ಪುಣ್ಯತಿಥಿಗೆ ಅಧ್ಯಕ್ಷರು ಬರ್ತಾರಲ್ಲ, ಇಬ್ರೂ ಸೇರಿ ಹೇಳೋಣ. ಇಪ್ಪತ್ನಾಲ್ಕು ಮಾಡಿ ಅಂತ ಅಷ್ಟೇ. ನೀವು ಸೀನಿಯರ್ರು, ನಿಮ್ಮ ಮಾತು ಕೇಳ್ತಾರೆ."

"ನನಗೇನೂ ಚಳಿ ಅನ್ನಿಸ್ತಿಲ್ವಲ್ಲಮ್ಮ" ಎಂದಳು ಸೌಮ್ಯಶ್ರೀ.

ತನ್ಮಯಿ ಅವಳ ಮಫ್ಲರನ್ನು ನೋಡಿದಳು, ಸ್ವೆಟರನ್ನು ನೋಡಿದಳು, ಬಗ್ಗಿ ಕಾಲುಚೀಲವನ್ನೂ ನೋಡಿದಳು. ತನ್ನ ಜಾಗಕ್ಕೆ ಹೋಗಿ ಕೂತಳು. ಸೌಮ್ಯಶ್ರೀಗೆ ನಾಚಿಕೆಯಾಯಿತು. ಆದರೆ ಭುಜ ನಾಚಿಕೆಗಿಂತ ಜೋರಾಗಿ ನೋಯುತ್ತಿತ್ತು, ಅವಳು ಭುಜದ ಮಾತನ್ನೇ ಕೇಳಿದಳು.

ನೀಲಗಂಗಮ್ಮನವರ ಮೂರನೇ ಪುಣ್ಯತಿಥಿಯ ದಿನ ಕಚೇರಿಯ ಬಾಗಿಲಿಗೆ ಬಾಳೆಕಂದು ಕಟ್ಟಿದರು. ಫೋಟೋಗೆ ಮಲ್ಲಿಗೆ ಹಾರ, ಏಸಿಗೆ ವಿಭೂತಿಯ ಮೂರು ಪಟ್ಟೆ, ಅದಕ್ಕೂ ಒಂದು ಸೇವಂತಿಗೆ ಹಾರ. ಬಿಸಿಬಿಸಿ ಗೋಧಿ ಹುಗ್ಗಿ ಬಂದಿತ್ತು. ಬಡಿಸಿ ಕೈಮುಗಿದು ತಿನ್ನಲು ಶುರುಮಾಡುವಷ್ಟರಲ್ಲಿ ತಟ್ಟೆಯಲ್ಲಿ ತುಪ್ಪ ಬಿಳಿಯಾಗಿ ಹೆಪ್ಪುಗಟ್ಟಿತು. ಆರು ಜನ ನಿರ್ದೇಶಕರು ಅದನ್ನು ಚಮಚದಲ್ಲಿ ಮುರಿಮುರಿದು ತಿಂದು, ಬಲು ರುಚಿ ಎಂದರು. ಹೊಸ ಮ್ಯಾನೇಜರರ ಹೆಸರನ್ನೂ ಅಮ್ಮನ ಫೋಟೋದ ಮುಂದೆ ಅವತ್ತೇ ಹೇಳುವುದೆಂದು ಅಧ್ಯಕ್ಷರು ಮೊದಲೇ ತಿಳಿಸಿದ್ದರು. ನಾಗಭೂಷಣ್ ಆ ದಿನ ಪಂಚೆ ಉಟ್ಟು, ಮೇಲೆ ಒಂದು ತೆಳ್ಳನೆಯ ಶಲ್ಯ ಮಾತ್ರ ಹೊದ್ದು ಬಂದಿದ್ದ. ಅವನ ತುಟಿ ನೀಲಿಯಾಗಿತ್ತು, ಮುಖದಲ್ಲಿ ಮಾತ್ರ ಕಳೆಯಿತ್ತು.

ಸಮಾರಂಭಕ್ಕೆ ದಾವಣಗೆರೆಯಿಂದ ಕಲ್ಯಾಣಮ್ಮನೆಂಬ ಮುದುಕಿ ಬಂದಿದ್ದರು. ನೀಲಗಂಗಮ್ಮನವರ ಒಡಹುಟ್ಟಿದ ತಂಗಿ, ಗಂಗಾಧರಯ್ಯನವರಿಗೆ ಚಿಕ್ಕಮ್ಮ. ಸೆರಗಿನ ಮೇಲೆ ದಪ್ಪನೆಯ ಶಾಲು ಹೊದ್ದು ಸೌಮ್ಯಶ್ರೀಯ ಪಕ್ಕದ ಕುರ್ಚಿಯಲ್ಲಿ ಮುದುಡಿ ಕೂತು, ತಲೆಯ ಮೇಲಿನ ಆ ಯಂತ್ರವನ್ನು ಆಗಾಗ ಕತ್ತೆತ್ತಿ ನೋಡುತ್ತಿದ್ದರು.

ಗಂಗಾಧರಯ್ಯ ಭಾಷಣಕ್ಕೆ ನಿಂತರು. "ನಮ್ಮಮ್ಮ ಎಷ್ಟು ಜನಕ್ಕೆ ನೆರಳಾಗಿದ್ಲು. ಇವತ್ತು ನಿಮಗೆಲ್ಲ ತಂಪಾಗಿದಾಳೆ" ಎಂದು ಕಣ್ಣೊರೆಸಿಕೊಂಡರು. ಆಗ ತನ್ಮಯಿ ಕೈ ಎತ್ತಿದಳು.

"ಸಾರ್, ಒಂದು ರಿಕ್ವೆಸ್ಟು. ಏಸೀನ ಸ್ವಲ್ಪ ಕಮ್ಮಿ ಇಡಬಹುದಾ? ತುಂಬಾ ಚಳಿ ಆಗುತ್ತೆ."

ಆರು ಜನ ನಿರ್ದೇಶಕರು ತಟ್ಟೆಯಿಂದ ತಲೆ ಎತ್ತಿದರು. ಗಂಗಾಧರಯ್ಯನವರಿಗೆ ಕೋಪವೇನೂ ಬರಲಿಲ್ಲ. ಪಾಪ, ಚಿಕ್ಕ ಹುಡುಗಿ ಎಂಬಂತೆ ನಕ್ಕರು. "ಚಳೀನಾ? ಮೂರು ವರ್ಷದಿಂದ ಅದರ ಕೆಳಗೇ ಕೂತಿರೋರು ಇಲ್ಲೇ ಇದಾರಲ್ಲಮ್ಮ, ಕೇಳೇಬಿಡೋಣ. ಹೇಳಿ ಸೌಮ್ಯಶ್ರೀ, ಚಳಿ ಆಗುತ್ತಾ?"

ಎಲ್ಲರೂ ಅವಳತ್ತ ತಿರುಗಿದರು. ತನ್ಮಯಿಯೂ. ಕ್ಯಾಬಿನ್ನಿನ ಬಾಗಿಲು ಅರ್ಧ ತೆರೆದಿತ್ತು, ಅದರೊಳಗಿನ ಬಿಸಿಲು ನೆಲದ ಮೇಲೆ ಹಳದಿಯಾಗಿ ಬಿದ್ದಿತ್ತು. ಎಂಟೇ ಹೆಜ್ಜೆಗೆ ಅದು ಸಿಗುವಂತಿತ್ತು. ಸೌಮ್ಯಶ್ರೀ ಹಲ್ಲು ಕಚ್ಚಿಕೊಂಡಳು.

"ಇಲ್ಲ ಸಾರ್. ಹಿತವಾಗಿದೆ."

"ನೋಡಿದ್ರಾ!" ಎಂದರು ಗಂಗಾಧರಯ್ಯ. ತನ್ಮಯಿ ಕೂತಳು. ಭಾಷಣ ಮುಂದುವರಿದು, ಅಮ್ಮ ಕಾರ್ಖಾನೆಗೆ ಬುತ್ತಿ ಕಳಿಸುತ್ತಿದ್ದ ಕಾಲಕ್ಕೆ ಹೋಯಿತು.

ಆಗ ಕಲ್ಯಾಣಮ್ಮ ಶಾಲಿನೊಳಗಿಂದ ಕೈ ಚಾಚಿ ಸೌಮ್ಯಶ್ರೀಯ ಕೈ ಹಿಡಿದರು. ಹಿಡಿದವರು ಬಿಡಲಿಲ್ಲ.

"ಕೈ ಮಂಜಿನಂಗಾಗೈತಲ್ಲವ್ವಾ" ಎಂದರು ಪಿಸುದನಿಯಲ್ಲಿ. "ಮತ್ತೆ ಹಿತವಾಗೈತಿ ಅಂತ ಯಾಕಂದಿ?"

ಸೌಮ್ಯಶ್ರೀ ಕ್ಯಾಬಿನ್ನಿನ ಬಾಗಿಲಿನತ್ತ ಕಣ್ಣು ಹಾಯಿಸಿದಳು.

"ನಮ್ಮಕ್ಕನೂ ಹಿಂಗೇ ಅಂತಿದ್ಲು. ಅಕಿಗೆ ಫ್ಯಾನಿನ ಗಾಳೀನೂ ಆಗ್ತಿರಲಿಲ್ಲ ಕಣವ್ವಾ, ಬ್ಯಾಸಿಗ್ಯಾಗೂ ಕೌದಿ ಬೇಕು. ಕೊನೀಗೆ ಆಸ್ಪತ್ರ್ಯಾಗೆ ಇವನು ದೊಡ್ಡ ಏಸಿ ರೂಮು ಮಾಡಿಸ್ದ. ಮೊದಲನೇ ದಿನ, ಚಳಿ ಆಗತೈತಿ ಕಣಪ್ಪಾ, ಆರ್ಸು ಅಂದ್ಲು. ಇವನು ನಕ್ಕುಬಿಟ್ಟ. ಆಮೇಲೆ ಅವನು ಹಿತವಾಗೈತೇನಮ್ಮಾ ಅಂತ ಕೇಳಿದಾಗೆಲ್ಲ ಹೂಂ ಅನ್ನಾಕಿ. ಅವನು ಆಚಿಗೆ ಹೋದ ಮ್ಯಾಲೆ ನನ್ನ ಕೈ ತಗೊಂಡು ಕಂಕುಳಾಗೆ ಇಟ್ಟುಕೊಳ್ಳೋಳು, ಬೆಚ್ಚಗಿರ್ಲಿ ಅಂತ. ಹಂಗೇ ಹೋದ್ಲು."

ಮುದುಕಿಯ ಕೈ ಒರಟಾಗಿತ್ತು, ಬೆಚ್ಚಗಿತ್ತು. ಸೌಮ್ಯಶ್ರೀ ಫೋಟೋದತ್ತ ನೋಡಿದಳು. ಮೂರು ವರ್ಷದಿಂದ ಆ ಹೆಂಗಸನ್ನು ಅವಳು ಮನಸ್ಸಿನಲ್ಲೇ ಶಪಿಸಿದ್ದಳು, ಇಂಥ ಚಳಿಯನ್ನು ಇಷ್ಟಪಟ್ಟ ಪುಣ್ಯಾತ್ಗಿತ್ತಿ ಅದೆಂಥವಳೋ ಎಂದು ಬೈದುಕೊಂಡಿದ್ದಳು. ಫೋಟೋದಲ್ಲಿದ್ದವರು ಸೆರಗನ್ನು ಎರಡೂ ಭುಜಗಳ ಮೇಲೆ ಬಿಗಿಯಾಗಿ ಎಳೆದುಕೊಂಡು ಕೂತಿದ್ದರು. ಆ ಕೋಣೆಯಲ್ಲಿ ಯಾರಾದರೂ ಒಬ್ಬರು, ಒಂದು ಸಲವಾದರೂ, ಈ ಮನುಷ್ಯನಿಗೆ ನಿಜ ಹೇಳಬೇಕಿತ್ತು ಅನ್ನಿಸಿತು. ಹೇಳಿದರೆ ಹುದ್ದೆ ಹೋಗುತ್ತದೆ, ಹುದ್ದೆಯ ಜೊತೆ ಕೈಯೂ ಹೋಗುತ್ತದೆ. ನಾಳೆಯಿಂದ ಅದೇ ಗೂಡು, ಅದೇ ಗಾಳಿ, ಮಗಳ ಮುಂದೆ ಅದೇ ಬಾಚಣಿಗೆ.

"ಇನ್ನು ಹೊಸ ಮ್ಯಾನೇಜರ್ ವಿಚಾರ" ಎಂದು ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡರು.

ಸೌಮ್ಯಶ್ರೀ ಎದ್ದು ನಿಂತಳು.

"ಸಾರ್, ಆಗ ನಾನು ಸುಳ್ಳು ಹೇಳಿದೆ. ಚಳಿ ಆಗುತ್ತೆ. ಮೂರು ವರ್ಷದಿಂದಾನೂ ಆಗ್ತಿದೆ. ನನ್ನ ಬಲಗೈ ಮೇಲೇಳಲ್ಲ ಸಾರ್, ನನ್ನ ತಲೆ ನಾನು ಬಾಚ್ಕೊಳ್ಳೋಕಾಗಲ್ಲ. ದಯವಿಟ್ಟು ಆಫ್ ಮಾಡ್ಸಿ. ಅಮ್ಮನೋರಿಗೂ ಚಳಿ ಆಗ್ತಿತ್ತಂತೆ."

ನಾಗಭೂಷಣ್ ಮೆಲ್ಲಗೆ ಶಲ್ಯ ಸರಿಮಾಡಿಕೊಂಡು, ಕರೆದ ಕೂಡಲೇ ಏಳುವವನಂತೆ ಕುರ್ಚಿಯ ತುದಿಗೆ ಬಂದ. ಗಂಗಾಧರಯ್ಯ ಅವಳ ಮುಖವನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಅಮ್ಮಾನೂ ಹಿಂಗೇ ಅಂದಿದ್ಲು" ಎಂದರು ಗಂಗಾಧರಯ್ಯ. "ಆಸ್ಪತ್ರೇಲಿ. ಚಳಿ ಆಗುತ್ತೆ, ಆಫ್ ಮಾಡ್ಸಪ್ಪಾ ಅಂತ ಇದೇ ಮಾತು. ಯಾಕೆ ಹೇಳಿ? ಮಗನಿಗೆ ಖರ್ಚಾಗುತ್ತೆ ಅಂತ! ತನಗೆ ಎಷ್ಟು ಹಿತವಾಗಿದ್ರೂ ನನ್ನ ದುಡ್ಡು ಉಳಿಸೋಕೆ ನೋಡಿದ್ಲು ಮಹಾತಾಯಿ. ಇವತ್ತು ಈಯಮ್ಮ ಸಂಘದ ಕರೆಂಟ್ ಬಿಲ್ ಉಳಿಸೋಕೆ, ಎಲ್ರೆದುರಿಗೆ ಎದ್ದು ನಿಂತು, ಕೈ ಮೇಲೇಳಲ್ಲ ಅಂತ ಸುಳ್ಳು ಹೇಳೋ ಮಟ್ಟಕ್ಕೆ ಬಂದಿದಾರೆ."

"ಇಲ್ಲ ಸಾರ್, ನಿಜವಾಗ್ಲೂ..." ಎಂದಳು ಸೌಮ್ಯಶ್ರೀ.

"ಸಂಕೋಚ ಬೇಡಮ್ಮ, ನನಗೆ ಗೊತ್ತಾಗುತ್ತೆ. ಇಂಥೋರು ಮ್ಯಾನೇಜರ್ ಆಗದೆ ಇನ್ಯಾರು ಆಗ್ಬೇಕು?" ಅಧ್ಯಕ್ಷರು ನಿರ್ದೇಶಕರತ್ತ ನೋಡಿದರು, ಆರು ತಲೆಗಳು ತೂಗಿದವು. "ಇನ್ನೊಂದು ಮಾತು. ಇಂಥ ತಾಯಿಯನ್ನ ಆ ಬಿಸಿ ಕ್ಯಾಬಿನ್ನಿನಲ್ಲಿ ಕೂರ್ಸೋಕೆ ನನ್ನ ಮನಸ್ಸು ಒಪ್ಪಲ್ಲ. ನಾಳೇನೇ ಅಲ್ಲಿಗೂ ಒಂದು ಏಸಿ. ನಮ್ಮಪ್ಪ ದೇವೇಂದ್ರಪ್ಪನವರ ಸ್ಮರಣಾರ್ಥ. ಇದಕ್ಕಿಂತ ದೊಡ್ಡದು!"

ನಾಗಭೂಷಣ್ ಶಲ್ಯದಿಂದ ಕೈ ಹೊರತೆಗೆದು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ನಿರ್ದೇಶಕರು ತಟ್ಟೆ ಕೆಳಗಿಟ್ಟು ತಟ್ಟಿದರು. ರುದ್ರಮುನಿ ತಟ್ಟಿದರು. ತನ್ಮಯಿ ಸೌಮ್ಯಶ್ರೀಯತ್ತ ಒಮ್ಮೆ ನೋಡಿ, ಆಮೇಲೆ ಅವಳೂ ತಟ್ಟಿದಳು. ಕಲ್ಯಾಣಮ್ಮ ಮಾತ್ರ ಸೌಮ್ಯಶ್ರೀಯ ಬಲಗೈಯನ್ನು ತಮ್ಮ ಶಾಲಿನೊಳಕ್ಕೆ ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ತಟ್ಟಿದಷ್ಟೂ ಕೈ ಬೆಚ್ಚಗಾಗುತ್ತಿದ್ದುದರಿಂದ ನಿಲ್ಲಿಸುವ ಮನಸ್ಸು ಯಾರಿಗೂ ಬರಲಿಲ್ಲ.